ಸುಡಾನ್ ಹೊತ್ತಿ ಉರಿದಾಗ ಸುದ್ದಿಯಾದದ್ದು ಟ್ವೀಟ್ ಜಗಳ!

ಬೆಂಗಳೂರು: 2023ರ ಏಪ್ರಿಲ್ ಮೂರನೆಯ ವಾರ. ರಾಜ್ಯ ವಿಧಾನಸಭೆ ಚುನಾವಣೆಗೆ ನಾಮಪತ್ರ ಸಲ್ಲಿಕೆಯ ಭರಾಟೆ. ಬನಶಂಕರಿ ಮೂರನೆಯ ಹಂತದ ಇಟ್ಟಮಡುವಿನಲ್ಲಾಗಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ, ಚಹಾ ಅಂಗಡಿಯ ಮುಂದೆ ನಿಂತು ಪತ್ರಿಕೆ ಬಿಡಿಸಿದವರಿಗೆ ಕಾಣುತ್ತಿದ್ದುದು ಟಿಕೆಟ್ ತಪ್ಪಿದವರ ಅಳಲು, ಪಕ್ಷ ಬದಲಿಸಿದವರ ಹಾರತುರಾಯಿ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಕಾಂಗ್ರೆಸ್ ಸೇರಿದ್ದು ಆ ತಿಂಗಳ 17ರಂದು. ಮರುದಿನ, ಈ ಎಲ್ಲ ಗದ್ದಲದ ನಡುವೆಯೇ ‘ಸುಡಾನ್’ ಎಂಬ ಹೆಸರು ಕನ್ನಡ ಸುದ್ದಿವಾಹಿನಿಗಳ ಪರದೆಯ ಮೇಲೆ ಧುತ್ತೆಂದು ಕಾಣಿಸಿಕೊಂಡಿತು.

ಕಾರಣ, ಹಕ್ಕಿಪಿಕ್ಕಿ ಸಮುದಾಯಕ್ಕೆ ಸೇರಿದ ಕರ್ನಾಟಕದ 31 ಮಂದಿ ಆ ದೇಶದಲ್ಲಿ ಸಿಲುಕಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆಯ ಎಣ್ಣೆ ಮಾರಲು ಹೋದವರು. ಏಪ್ರಿಲ್ 15ರಂದು ಸುಡಾನ್ ಸೇನೆಗೂ ಅಲ್ಲಿನ ಅರೆಸೇನಾ ಪಡೆಗೂ ಕದನ ಆರಂಭವಾದಾಗ ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್ ಪಟ್ಟಣದ ಬಾಡಿಗೆ ಕೋಣೆಗಳಲ್ಲಿ ಅನ್ನ ನೀರಿಲ್ಲದೆ ಕುಳಿತಿದ್ದವರು ಇವರು. ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಇವರ ರಕ್ಷಣೆಗೆ ಆಗ್ರಹಿಸಿ ಟ್ವೀಟ್ ಮಾಡಿದರು. ಜೀವಗಳು ಅಪಾಯದಲ್ಲಿರುವಾಗ ರಾಜಕೀಯ ಬೇಡವೆಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಕಟುವಾಗಿಯೇ ಉತ್ತರಿಸಿದರು. ಸಿದ್ದರಾಮಯ್ಯ ಮರುತ್ತರ ಕೊಟ್ಟರು.

ಇಷ್ಟು ಸಾಕಾಯಿತು. ಅಂದು ಸಂಜೆಯ ಚರ್ಚೆಗಳಿಗೆ ವಿಷಯ ಸಿಕ್ಕಿತು. ಯಾರು ಸರಿ? ಯಾರ ಮಾತು ಹದ್ದು ಮೀರಿತು? ಇದರ ಲಾಭ ಯಾವ ಪಕ್ಷಕ್ಕೆ? ಆದರೆ ಆ 31 ಮಂದಿಯನ್ನು ಕೋಣೆಯೊಳಗೆ ಕೂಡಿಹಾಕಿದವರು ಯಾರು, ಅವರು ಏಕೆ ಗುಂಡು ಹಾರಿಸುತ್ತಿದ್ದಾರೆ, ಇಬ್ಬರು ಸೇನಾಧಿಪತಿಗಳ ಈ ಜಗಳದ ಬೇರು ಎಲ್ಲಿದೆ ಎಂಬುದನ್ನು ಓದುಗನಿಗೆ, ವೀಕ್ಷಕನಿಗೆ ಕುಳ್ಳಿರಿಸಿ ಹೇಳಿದವರು ವಿರಳ.

ಮಾಧ್ಯಮದ ಪಕ್ಷಪಾತ ಎಂದಾಕ್ಷಣ ಸಾಮಾನ್ಯವಾಗಿ ಎಡ, ಬಲ ಎಂಬ ತಕ್ಕಡಿ ನೆನಪಾಗುತ್ತದೆ. ಪರದೇಶದ ಸೇನಾ ದಂಗೆಗಳ ವಿಷಯದಲ್ಲಿ ಆ ತಕ್ಕಡಿ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಪಕ್ಷಪಾತ ಬೇರೆ ಬಗೆಯದು. ಯಾವ ದಂಗೆ ಸುದ್ದಿ, ಯಾವುದು ಸುದ್ದಿಯಲ್ಲ. ಸುದ್ದಿಯಾದರೆ ಅದನ್ನು ಏನೆಂದು ಕರೆಯುವುದು. ಯಾರ ಕಣ್ಣಿನಿಂದ ನೋಡುವುದು. ಈ ಮೂರೂ ತೀರ್ಮಾನಗಳು ಬಹಳಷ್ಟು ಸಲ ಬೆಂಗಳೂರಿನಲ್ಲಿ ಆಗುವುದೇ ಇಲ್ಲ.

ಇಬ್ಬರು ಪಾಲುದಾರರ ಕಥೆ

ಸುಡಾನ್ ಜನತೆ ಸುಮ್ಮನೆ ಕುಳಿತವರಲ್ಲ. 30 ವರ್ಷ ಆಳಿದ ಒಮರ್ ಅಲ್ ಬಶೀರ್ ವಿರುದ್ಧ 2018ರ ಡಿಸೆಂಬರ್‌ನಲ್ಲಿ ಬೀದಿಗಿಳಿದರು. ರೊಟ್ಟಿಯ ಬೆಲೆ ಏರಿಕೆ ಅದಕ್ಕೆ ಕಿಡಿ. 2019ರ ಏಪ್ರಿಲ್ 11ರಂದು ಸೇನೆಯೇ ಬಶೀರ್‌ರನ್ನು ಇಳಿಸಿತು. ಜನ ಮನೆಗೆ ಹೋಗಲಿಲ್ಲ. ನಾಗರಿಕ ಸರ್ಕಾರ ಬೇಕೆಂದು ಖಾರ್ಟೂಮ್‌ನಲ್ಲಿ ಸೇನಾ ಕೇಂದ್ರ ಕಚೇರಿಯ ಮುಂದೆ ಧರಣಿ ಕುಳಿತರು. ಜೂನ್ 3ರಂದು ಆ ಧರಣಿಯ ಮೇಲೆ ದಾಳಿ ನಡೆದು ನೂರಕ್ಕೂ ಹೆಚ್ಚು ಮಂದಿ ಹತರಾದರು. ಬಳಿಕ ಒಪ್ಪಂದವಾಗಿ ಅರ್ಥಶಾಸ್ತ್ರಜ್ಞ ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾದರು. ಸೇನೆ ಮತ್ತು ನಾಗರಿಕರು ಜೊತೆಯಾಗಿ ಆಳುವ ವ್ಯವಸ್ಥೆ ಅದು.

2021ರ ಅಕ್ಟೋಬರ್ 25ರಂದು ಸೇನಾ ಮುಖ್ಯಸ್ಥ ಅಬ್ದೆಲ್ ಫತಾಹ್ ಅಲ್ ಬುರ್ಹಾನ್ ಈ ಸರ್ಕಾರವನ್ನು ಕಿತ್ತೊಗೆದು ಹಮ್ದೋಕ್‌ರನ್ನು ಬಂಧಿಸಿದರು. ಅಂದು ಬುರ್ಹಾನ್‌ರ ಬಲಗೈ ಆಗಿ ನಿಂತವರು ‘ಹೆಮೆಟಿ’ ಎಂದೇ ಪ್ರಸಿದ್ಧರಾದ ಮೊಹಮದ್ ಹಮ್ದಾನ್ ಡಗಾಲೊ. ಡಾರ್ಫರ್‌ನಲ್ಲಿ ಹಳ್ಳಿಗಳನ್ನು ಸುಟ್ಟ ಜಂಜಾವೀದ್ ಗುಂಪುಗಳಿಂದ ಬೆಳೆದು ಬಂದ ಅರೆಸೇನಾ ಪಡೆ ಆರ್‌ಎಸ್‌ಎಫ್‌ನ ಒಡೆಯ ಇವರು. ಅಂದರೆ 2023ರಲ್ಲಿ ಹಕ್ಕಿಪಿಕ್ಕಿಗಳ ತಲೆಯ ಮೇಲೆ ಗುಂಡು ಹಾರಿಸುತ್ತಿದ್ದವರು 18 ತಿಂಗಳ ಹಿಂದೆ ಒಟ್ಟಿಗೆ ಸೇರಿ ಒಂದು ಸರ್ಕಾರವನ್ನು ಕದ್ದ ಪಾಲುದಾರರು. ಲೂಟಿಯ ಪಾಲು ಹಂಚಿಕೊಳ್ಳುವಾಗ, ಅರ್ಥಾತ್ ಅರೆಸೇನೆಯನ್ನು ಸೇನೆಯೊಳಗೆ ಯಾವಾಗ, ಯಾರ ಕೈಕೆಳಗೆ ವಿಲೀನ ಮಾಡಬೇಕು ಎಂಬ ಪ್ರಶ್ನೆ ಬಂದಾಗ ಜಗಳ ಹತ್ತಿಕೊಂಡಿತು. ಇದನ್ನು ‘ಅಂತರ್ಯುದ್ಧ’ ಎಂಬ ಒಂದೇ ಪದದಲ್ಲಿ ಮುಗಿಸಿದಾಗ ದಂಗೆಯ ಹೊಣೆಗಾರರಿಬ್ಬರೂ ತಪ್ಪಿಸಿಕೊಳ್ಳುತ್ತಾರೆ. ಸುಡಾನ್ ಎಂದರೆ ಸದಾ ಹೊಡೆದಾಡುವ ನಾಡು, ಅದು ಅಲ್ಲಿನವರ ಹಣೆಬರಹ ಎಂಬ ಭಾವನೆಯಷ್ಟೇ ಓದುಗನಲ್ಲಿ ಉಳಿಯುತ್ತದೆ.

ಹಣೆಬರಹವೇ? ಸುಡಾನ್‌ನ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1953ರಲ್ಲಿ. ಅದನ್ನು ನಡೆಸಿಕೊಟ್ಟ ಆಯೋಗದ ಮುಖ್ಯಸ್ಥರು ಭಾರತದ ಪ್ರಪ್ರಥಮ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ನಮ್ಮ ಮೊದಲ ಮಹಾಚುನಾವಣೆ ಮುಗಿಸಿದ ಕೈಯೇ ಅಲ್ಲಿಗೂ ಮತಪೆಟ್ಟಿಗೆ ಒಯ್ದಿತ್ತು. 1956ರ ಜನವರಿ 1ರಂದು ಸ್ವತಂತ್ರವಾದ ಆ ದೇಶ ಮೂರು ವರ್ಷ ತುಂಬುವ ಮೊದಲೇ, 1958ರ ನವೆಂಬರ್‌ನಲ್ಲಿ, ಮೊದಲ ಸೇನಾಡಳಿತ ಕಂಡಿತು. ಆ ಬಳಿಕ 1969, 1985, 1989. ಪ್ರತಿ ಸಲವೂ ಜನ ಮತ್ತೆ ಎದ್ದು ನಿಂತದ್ದುಂಟು. 1964ರಲ್ಲಿ ಮತ್ತು 1985ರಲ್ಲಿ ಬೀದಿ ಹೋರಾಟಕ್ಕೆ ಸೇನಾಧಿಪತಿಗಳು ಮಣಿದದ್ದೂ ಉಂಟು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡಕ್ಕೆ ‘ಸುಡಾನ್ ಬ್ಲಾಕ್’ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ನೆಲಕ್ಕಾಗಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆ ಸುಡಾನಿಗಳು ಕೊಟ್ಟ ಹಣ ಅದರ ಹಿಂದಿದೆ. ಇಷ್ಟು ಹತ್ತಿರದ ನಂಟಿರುವ ದೇಶ ನಮ್ಮ ಸುದ್ದಿಮನೆಗಳಿಗೆ ಅಪರಿಚಿತವಾಗಿದ್ದು ಹೇಗೆ?

‘ಕ್ರಾಂತಿ’ ಎಂದವರು ಯಾರು?

ಮೊದಲು ಪದದಿಂದಲೇ ತೊಡಗಬಹುದು. ಸೇನೆ ಅಧಿಕಾರ ಕಿತ್ತುಕೊಳ್ಳುವ ಘಟನೆಗೆ ಕನ್ನಡ ಪತ್ರಿಕೆಗಳು ದಶಕಗಳಿಂದ ಬಳಸುತ್ತ ಬಂದಿರುವ ಪದ ‘ಕ್ಷಿಪ್ರಕ್ರಾಂತಿ’. ಪದ ಕಟ್ಟಿದವರ ಜಾಣ್ಮೆ ದೊಡ್ಡದು. ಉಚ್ಚಾರಣೆಗೆ ಗತ್ತಿದೆ, ಶೀರ್ಷಿಕೆಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ‘ಕ್ರಾಂತಿ’ ಎಂಬುದು ಕನ್ನಡದಲ್ಲಿ ಬೆಳಕಿನ ಪದ. 12ನೆಯ ಶತಮಾನದ ವಚನ ಚಳವಳಿ ಕ್ರಾಂತಿ, ಹಸಿರು ಕ್ರಾಂತಿ, ಕ್ಷೀರ ಕ್ರಾಂತಿ. ಟ್ಯಾಂಕು ನುಗ್ಗಿಸಿ ದೂರದರ್ಶನ ಕೇಂದ್ರ ಹಿಡಿದು ಪ್ರಧಾನಿಯನ್ನು ಗೃಹಬಂಧನದಲ್ಲಿಟ್ಟವನ ಕೃತ್ಯವೂ ಅದೇ ಸಾಲಿನಲ್ಲಿ ಬಂದು ಕುಳಿತುಬಿಡುತ್ತದೆ. ಅದರ ಜೊತೆಗೆ ‘ರಕ್ತರಹಿತ’ ಎಂಬ ವಿಶೇಷಣವೊಂದು ಸೇರಿದರೆ ಕೇಳುವುದೇ ಬೇಡ, ಅಪರಾಧಕ್ಕೆ ಪ್ರಶಸ್ತಿ ಪತ್ರ ಸಿಕ್ಕಂತೆಯೇ.

ಮತ್ತೊಂದು ಪದ ‘ದಂಗೆ’. ಇದಕ್ಕೆ ತದ್ವಿರುದ್ಧವಾದ ಇತಿಹಾಸವಿದೆ. 1830ರ ನಗರ ಸೀಮೆಯ ರೈತರ ಏಳಿಗೆಯನ್ನು, 1857ರ ಹಲಗಲಿಯ ಬೇಡರ ಪ್ರತಿರೋಧವನ್ನು ದಂಗೆ ಎಂದು ದಾಖಲಿಸಿದ್ದು ಅವನ್ನು ಅಡಗಿಸಿದವರ ಕಾಗದಪತ್ರ. ಸಿಪಾಯಿ ದಂಗೆ ಎಂದು ಓದಿದ ತಲೆಮಾರಿನ ಮಕ್ಕಳು ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಎಂದು ಓದಿದರು. ಹೆಸರಿಡುವವನ ಕೈಯಲ್ಲಿ ಏನಿದೆ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಬಂದು ಕಲಿಸಬೇಕಿಲ್ಲ. ಮೈಸೂರಿನಲ್ಲಿ 1761ರಲ್ಲಿ ಒಡೆಯರ ಸೇನಾನಿ ಹೈದರ್ ಅಲಿ ರಾಜ್ಯದ ಸೂತ್ರ ಕೈಗೆ ತೆಗೆದುಕೊಂಡದ್ದನ್ನು ಇಂದಿನ ವರದಿಗಾರನೊಬ್ಬ ವರದಿ ಮಾಡಬೇಕಾಗಿದ್ದರೆ ಯಾವ ಪದ ಹಾಕುತ್ತಿದ್ದ? ಆಗ ಹೈದರ್ ಹೊತ್ತ ಪದವಿಯ ಹೆಸರು ‘ಸರ್ವಾಧಿಕಾರಿ’. ಅಂದು ಅದು ಆಸ್ಥಾನದ ಒಂದು ಹುದ್ದೆ. ಇಂದು ಅದೇ ಪದ ಹಿಟ್ಲರ್‌ಗೂ ಸಲ್ಲುತ್ತದೆ.

ಪದದ ಈ ತಿಕ್ಕಾಟ ಬರಿಯ ಭಾಷಾಶಾಸ್ತ್ರವಲ್ಲ, ಕಾಸಿನ ಲೆಕ್ಕವೂ ಹೌದು. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದೆ ಎಂದು ಅಮೆರಿಕ ಅಧಿಕೃತವಾಗಿ ಘೋಷಿಸಿದರೆ ಆ ದೇಶಕ್ಕೆ ನೀಡುವ ಬಹುಪಾಲು ನೆರವನ್ನು ಅಲ್ಲಿನ ಕಾನೂನಿನ ಪ್ರಕಾರ ನಿಲ್ಲಿಸಬೇಕು. ಆದ್ದರಿಂದಲೇ 2013ರ ಜುಲೈ 3ರಂದು ಈಜಿಪ್ಟ್‌ನಲ್ಲಿ ಜನರಲ್ ಸಿಸಿ ಚುನಾಯಿತ ಅಧ್ಯಕ್ಷ ಮೊಹಮದ್ ಮೊರ್ಸಿಯನ್ನು ಪದಚ್ಯುತಗೊಳಿಸಿದಾಗ ಒಬಾಮ ಆಡಳಿತ ಆ ಪದವನ್ನು ಉಚ್ಚರಿಸದಂತೆ ಬಾಯಿ ಬಿಗಿಹಿಡಿಯಿತು. ನೈಜರ್‌ನಲ್ಲಿ 2023ರ ಜುಲೈ 26ರಂದು ಅಧ್ಯಕ್ಷರ ಅಂಗರಕ್ಷಕ ಪಡೆಯೇ ಅಧ್ಯಕ್ಷರನ್ನು ಬಂಧಿಸಿತು. ಅಮೆರಿಕ ಅದನ್ನು ಅದರ ನಿಜವಾದ ಹೆಸರಿನಿಂದ ಕರೆದದ್ದು ಅಕ್ಟೋಬರ್‌ನಲ್ಲಿ. ಜಿಂಬಾಬ್ವೆಯಲ್ಲಂತೂ 2017ರ ನವೆಂಬರ್‌ನಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿಯೇ ದೂರದರ್ಶನದಲ್ಲಿ ಬಂದು, ಇದು ಸೇನಾ ಸ್ವಾಧೀನವಲ್ಲ ಎಂದು ಓದಿಹೇಳಿದ! ಮುಗಾಬೆ ಮನೆಯಲ್ಲಿ ಬಂಧಿಯಾಗಿದ್ದರು. ಈ ನುಣುಚುವ ಮಾತುಗಳೇ ಸುದ್ದಿಸಂಸ್ಥೆಗಳ ವರದಿಗಳಲ್ಲಿ ಸೇರಿ, ಅಲ್ಲಿಂದ ಅನುವಾದವಾಗಿ ಕನ್ನಡದ ವಿದೇಶ ಪುಟಕ್ಕೆ ಇಳಿಯುತ್ತವೆ.

ರಾತ್ರಿ ಪಾಳಿಯ ಮೇಜು

ಇಳಿಯುವ ಬಗೆಯನ್ನೂ ನೋಡಬೇಕು. ಕನ್ನಡದ ಯಾವ ದಿನಪತ್ರಿಕೆಗೂ ಖಾರ್ಟೂಮ್‌ನಲ್ಲಾಗಲಿ ನೈರೋಬಿಯಲ್ಲಾಗಲಿ ಕಾಯಂ ವರದಿಗಾರರಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ಸಾಧುವಲ್ಲ. ಜಿಲ್ಲಾ ಕಚೇರಿಗಳಿಗೇ ಜನ ಸಾಲದ ಕಾಲವಿದು. ಪಿಟಿಐ, ರಾಯಿಟರ್ಸ್, ಎಎಫ್‌ಪಿ, ಎಪಿ ಕಳುಹಿಸಿದ್ದು ಡೆಸ್ಕ್‌ಗೆ ಬರುತ್ತದೆ. ರಾತ್ರಿ ಪಾಳಿಯ ಉಪಸಂಪಾದಕರು ಅದನ್ನು ಕನ್ನಡಿಸುತ್ತಾರೆ. ಪುಟ ಕಟ್ಟುವ ಹೊತ್ತಿಗೆ ಹತ್ತು ಪ್ಯಾರಾ ಮೂರಾಗುತ್ತದೆ. ಕೆಳಗಿನಿಂದ ಕತ್ತರಿಸುವುದು ಪದ್ಧತಿ. ಹಿನ್ನೆಲೆ, ಇತಿಹಾಸ, ಸ್ಥಳೀಯರ ಮಾತು ಇರುವುದು ಕೆಳಗೇ. ಉಳಿಯುವುದು ಸತ್ತವರ ಸಂಖ್ಯೆ, ವಾಷಿಂಗ್ಟನ್ ಏನೆಂದಿತು, ವಿಶ್ವಸಂಸ್ಥೆ ಎಷ್ಟು ಕಳವಳಪಟ್ಟಿತು.

ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಸರಣಿ ದಂಗೆಗಳು ಇದಕ್ಕೆ ಉದಾಹರಣೆ. ಮಾಲಿಯಲ್ಲಿ 2020 ಮತ್ತು 2021, ಗಿನಿಯಲ್ಲಿ 2021, ಬುರ್ಕಿನಾ ಫಾಸೊದಲ್ಲಿ 2022ರ ಒಂದೇ ವರ್ಷದಲ್ಲಿ ಎರಡು, 2023ರಲ್ಲಿ ನೈಜರ್ ಹಾಗೂ ಗ್ಯಾಬನ್. ಪಾಶ್ಚಾತ್ಯ ವರದಿಗಳಲ್ಲಿ ಎದ್ದು ಕಂಡದ್ದು ಬೀದಿಯಲ್ಲಿ ಹಾರಾಡಿದ ರಷ್ಯಾ ಬಾವುಟ ಮತ್ತು ವ್ಯಾಗ್ನರ್ ಬಾಡಿಗೆ ಸೈನಿಕರು. ಅದು ಸುಳ್ಳಲ್ಲ. ಆದರೆ ನೈಜರ್‌ನ ಯುರೇನಿಯಂ ದಶಕಗಳ ಕಾಲ ಫ್ರಾನ್ಸ್‌ನ ಅಣುಸ್ಥಾವರಗಳನ್ನು ಉರಿಸಿದ್ದು, ಸ್ವತಃ ಆ ದೇಶದ ಬಹುತೇಕ ಮನೆಗಳಿಗೆ ವಿದ್ಯುತ್ ಇಲ್ಲದಿರುವುದು ಕೂಡ ಕಥೆಯ ಭಾಗವೇ. ಸೇನಾಧಿಪತಿಗೆ ಜನ ಚಪ್ಪಾಳೆ ತಟ್ಟಿದ್ದು ಏಕೆಂಬುದು ಇದಿಲ್ಲದೆ ತಿಳಿಯುವುದಿಲ್ಲ. ಚಪ್ಪಾಳೆ ತಟ್ಟಿದ್ದರಿಂದ ದಂಗೆ ಸರಿಯೆಂದಾಗುವುದಿಲ್ಲ, ಅದು ಬೇರೆ ಮಾತು. ಮಾಸ್ಕೋ ಪರ ಜಾಲತಾಣಗಳು ಇದೇ ಘಟನೆಯನ್ನು ವಸಾಹತುಶಾಹಿ ವಿರುದ್ಧದ ವಿಜಯೋತ್ಸವವೆಂದು ಬಣ್ಣಿಸಿದವು. ಅಲ್ಲಿ ಬಂಧಿತ ಅಧ್ಯಕ್ಷ ಬಜೂಮ್ ಅವರ ಸುದ್ದಿಗೆ ಜಾಗವಿರಲಿಲ್ಲ.

ಈ ಪರಾವಲಂಬನೆಯ ವಿರುದ್ಧ ಹಿಂದೊಮ್ಮೆ ದನಿ ಎದ್ದಿತ್ತು. ಅಲಿಪ್ತ ರಾಷ್ಟ್ರಗಳು ತಮ್ಮ ಸುದ್ದಿಯನ್ನು ತಾವೇ ಹಂಚಿಕೊಳ್ಳುವ ಒಕ್ಕೂಟಕ್ಕೆ 1976ರ ಜುಲೈನಲ್ಲಿ ದೆಹಲಿಯಲ್ಲಿ ರೂಪ ಕೊಟ್ಟವು. ಯುನೆಸ್ಕೊ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ, ಸುದ್ದಿಯ ಹರಿವು ಶ್ರೀಮಂತ ದೇಶಗಳಿಂದ ಬಡದೇಶಗಳತ್ತ ಒಂದೇ ದಿಕ್ಕಿನಲ್ಲಿದೆ ಎಂದು ವರದಿ ಕೊಟ್ಟಿತು. ಆಶಯವೇನೋ ಘನವಾದುದು. ಆದರೆ ಆ ದೆಹಲಿ ಸಮಾವೇಶ ನಡೆದಾಗ ಭಾರತದಲ್ಲಿ ತುರ್ತುಪರಿಸ್ಥಿತಿ ಇತ್ತು! ಪಿಟಿಐ, ಯುಎನ್ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸಂಸ್ಥೆಗಳನ್ನು ಅದೇ ವರ್ಷ ಒಂದೇ ಗಾಣಕ್ಕೆ ಹಾಕಿ ‘ಸಮಾಚಾರ್’ ಎಂಬುದನ್ನು ಹುಟ್ಟುಹಾಕಲಾಗಿತ್ತು. ತನ್ನ ಮನೆಯ ಸುದ್ದಿಗೆ ಕತ್ತರಿ ಹಿಡಿದವರು ಲೋಕದ ಸುದ್ದಿಗೆ ಸ್ವಾತಂತ್ರ್ಯ ಬೇಡಿದರು. ಒಕ್ಕೂಟದಲ್ಲಿ ಹರಿದಾಡಿದ್ದು ಬಹುಪಾಲು ಸರ್ಕಾರಿ ಪ್ರಕಟಣೆಗಳೇ. ಸೇನಾಡಳಿತವಿದ್ದ ದೇಶದ ಸುದ್ದಿಸಂಸ್ಥೆ ತನ್ನ ದಂಗೆಯ ಬಗ್ಗೆ ಏನು ಬರೆದೀತು?

ನೆರೆಮನೆಯಾದರೆ ನ್ಯಾಯ ಬೇರೆ

ದೂರದ ದೇಶಗಳ ವಿಷಯದಲ್ಲಿ ಪಾಶ್ಚಾತ್ಯ ಸಂಸ್ಥೆಗಳ ಕನ್ನಡಕವಾದರೆ, ನೆರೆಯ ದೇಶಗಳ ವಿಷಯದಲ್ಲಿ ನಮ್ಮ ವಿದೇಶಾಂಗ ಸಚಿವಾಲಯದ ಕನ್ನಡಕ. 1999ರ ಅಕ್ಟೋಬರ್ 12ರಂದು ಪರ್ವೇಜ್ ಮುಷರಫ್ ನವಾಜ್ ಷರೀಫ್‌ರನ್ನು ಉರುಳಿಸಿದಾಗ ಕಾರ್ಗಿಲ್‌ನ ಗಾಯ ಹಸಿಯಾಗಿತ್ತು. ಮರುದಿನ ದೆಹಲಿಯಲ್ಲಿ ವಾಜಪೇಯಿ ಸರ್ಕಾರದ ಪ್ರಮಾಣವಚನ. ಕಾರ್ಗಿಲ್‌ನ ಖಳನಾಯಕ ಈಗ ಪಾಕಿಸ್ತಾನದ ಒಡೆಯ ಎಂಬ ಆತಂಕ ಸಹಜವಾಗಿತ್ತು, ಬರೆದದ್ದು ತಪ್ಪೂ ಅಲ್ಲ. ಆದರೆ ಅದೇ ಮುಷರಫ್ 2001ರ ಜುಲೈನಲ್ಲಿ ಆಗ್ರಾ ಶೃಂಗಸಭೆಗೆ ಬಂದಾಗ ಭಾರತದ ಹಿರಿಯ ಸಂಪಾದಕರು ಅವರೊಡನೆ ಉಪಾಹಾರದ ಮೇಜಿಗೆ ಕುಳಿತರು, ಮಾತುಕತೆ ದೂರದರ್ಶನದಲ್ಲಿ ಬಂತು, ಅತಿಥಿಯ ವಾಕ್ಚಾತುರ್ಯದ ಗುಣಗಾನವೂ ಆಯಿತು. ಪಾಕಿಸ್ತಾನದ ಸಂವಿಧಾನವನ್ನು ಅಮಾನತಿನಲ್ಲಿಟ್ಟ ವ್ಯಕ್ತಿ ಎಂಬುದು ಆ ಮೇಜಿನ ಮೇಲೆ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಮುಖ್ಯವಾಗಿದ್ದುದು ಕಾಶ್ಮೀರ. ಆ ದಂಗೆಯಿಂದ ಪಾಕಿಸ್ತಾನದ ಪ್ರಜೆ ಏನು ಕಳೆದುಕೊಂಡ ಎಂಬ ಪ್ರಶ್ನೆ ಎರಡೂ ಸಂದರ್ಭಗಳಲ್ಲಿ ಹೊರಗೇ ನಿಂತಿತ್ತು.

1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂಡುಕೋರರು ಮಾಲೆಗೆ ನುಗ್ಗಿದಾಗ ಆಗ್ರಾದಿಂದ ಹಾರಿದ ಭಾರತೀಯ ಪ್ಯಾರಾ ಯೋಧರು ಕೆಲವೇ ಗಂಟೆಗಳಲ್ಲಿ ಅದನ್ನು ಅಡಗಿಸಿದರು. ಸಾಹಸ ಮೆಚ್ಚತಕ್ಕದ್ದೇ. ರಕ್ಷಿಸಲ್ಪಟ್ಟ ಅಧ್ಯಕ್ಷ ಗಯೂಮ್ ಎದುರಾಳಿಗಳೇ ಇಲ್ಲದ ಜನಮತದಿಂದ 30 ವರ್ಷ ಆಳಿದರೆಂಬುದು ಮಾತ್ರ ನಮ್ಮ ಸಾಹಸಕಥೆಯಲ್ಲಿ ಕಾಣಿಸುವುದಿಲ್ಲ. ಫಿಜಿಯಲ್ಲಿ 2000ದ ಮೇ ತಿಂಗಳಲ್ಲಿ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿ 56 ದಿನ ಒತ್ತೆಯಾಳಾಗಿದ್ದಾಗ, ಭೂಪಟದಲ್ಲಿ ಫಿಜಿ ಎಲ್ಲಿದೆ ಎಂದು ತಿಳಿಯದವರೂ ಕಳವಳಪಟ್ಟರು. ‘ನಮ್ಮವರು’ ಇದ್ದರೆ ದಂಗೆಗೆ ಮುಖ ಬರುತ್ತದೆ.

ಮ್ಯಾನ್ಮಾರ್ ಇನ್ನೂ ಕಸಿವಿಸಿ ಹುಟ್ಟಿಸುವ ಪ್ರಕರಣ. 2021ರ ಫೆಬ್ರವರಿ 1ರ ಬೆಳಿಗ್ಗೆ ನೇಪಿಡಾದಲ್ಲಿ ವ್ಯಾಯಾಮ ಶಿಕ್ಷಕಿಯೊಬ್ಬರು ನೃತ್ಯ ಚಿತ್ರೀಕರಿಸಿಕೊಳ್ಳುತ್ತಿದ್ದಾಗ ಹಿಂದಿನ ರಸ್ತೆಯಲ್ಲಿ ಸೇನಾ ವಾಹನಗಳು ಸಂಸತ್ತಿನತ್ತ ಸಾಗಿದ ವಿಡಿಯೊ ಜಗತ್ತನ್ನು ಸುತ್ತಿತು. ನಗಿಸಿದ ಆ ತುಣುಕನ್ನು ಕಂಡವರೆಷ್ಟೋ ಮಂದಿ, ಆಂಗ್ ಸಾನ್ ಸೂಕಿ ಅವರ ಪಕ್ಷ ಮೂರು ತಿಂಗಳ ಹಿಂದಷ್ಟೇ ಭಾರಿ ಬಹುಮತದಿಂದ ಗೆದ್ದಿತ್ತೆಂಬುದನ್ನು ಓದಿರಲಿಕ್ಕಿಲ್ಲ. ಅದೇ ವರ್ಷದ ಮಾರ್ಚ್ 27ರಂದು ಸೇನೆ ಒಂದೇ ದಿನ ನೂರಕ್ಕೂ ಹೆಚ್ಚು ನಾಗರಿಕರನ್ನು ಕೊಂದಿತು. ಅಂದು ಬೆಳಿಗ್ಗೆ ನಡೆದ ಸೇನಾ ದಿನದ ಕವಾಯತಿಗೆ ಪ್ರತಿನಿಧಿ ಕಳುಹಿಸಿದ ಎಂಟು ದೇಶಗಳಲ್ಲಿ ಭಾರತವೂ ಒಂದು. ಈಶಾನ್ಯದ ಗಡಿ, ಬಂಡುಕೋರರು, ಚೀನಾದ ಪ್ರಭಾವ ಎಂದು ಸರ್ಕಾರಕ್ಕೆ ಅದರದೇ ಕಾರಣಗಳಿರಬಹುದು. ಸರ್ಕಾರ ಮೆಲುದನಿಯಲ್ಲಿ ಮಾತನಾಡಿದಾಗ ಪತ್ರಿಕೆಗಳೂ ಮೆಲುದನಿಯಲ್ಲೇ ಮಾತನಾಡಬೇಕೆಂಬ ಕಟ್ಟಳೆ ಎಲ್ಲಿದೆ? ದಂಗೆಯ ಬಳಿಕ ಕಾನೂನೇ ಕೈಬಿಟ್ಟ ಮ್ಯಾವಡ್ಡಿಯ ಗಡಿಪ್ರದೇಶ ಸೈಬರ್ ವಂಚಕರ ಕೋಟೆಯಾಗಿ ಬೆಳೆದು, ಕೆಲಸದ ಆಸೆಗೆ ಹೋದ ಭಾರತೀಯ ಯುವಕರು ಅಲ್ಲಿ ಜೀತಕ್ಕೆ ಸಿಕ್ಕಿಬಿದ್ದರು. 2025ರ ಮಾರ್ಚ್‌ನಲ್ಲಿ ನೂರಾರು ಮಂದಿಯನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ‘ಉದ್ಯೋಗ ವಂಚನೆ’ ಎಂಬ ಅಪರಾಧ ಸುದ್ದಿಯಾಗಿ ಇದು ಕನ್ನಡದಲ್ಲಿ ಬಂತು. ಸೇನಾ ದಂಗೆಯ ಫಲವೆಂದು ಜೋಡಿಸಿ ಹೇಳಿದ್ದು ಅಪರೂಪ.

ಬಾಂಗ್ಲಾದೇಶದ 2024ರ ಆಗಸ್ಟ್ 5 ಇನ್ನೊಂದು ಪರೀಕ್ಷೆ. ಶೇಖ್ ಹಸೀನಾ ದೇಶ ತೊರೆದರು, ಮಧ್ಯಂತರ ಸರ್ಕಾರದ ಘೋಷಣೆ ಮಾಡಿದವರು ಸೇನಾ ಮುಖ್ಯಸ್ಥರು. ಅದು ವಿದ್ಯಾರ್ಥಿ ದಂಗೆಯೋ, ಸೇನೆಯ ಕೈಚಳಕವೋ, ವಿದೇಶಿ ಪಿತೂರಿಯೋ? ಢಾಕಾದ ಪತ್ರಿಕೆಗಳು ಮೊದಲನೆಯದನ್ನು ಎತ್ತಿಹಿಡಿದವು. ಭಾರತದ ಅನೇಕ ವಾಹಿನಿಗಳು ಕೊನೆಯದಕ್ಕೆ ಒಲಿದವು. ಹಿಂದೂ ಅಲ್ಪಸಂಖ್ಯಾತರ ಮೇಲಿನ ದಾಳಿಗಳು ನಿಜ, ಅವನ್ನು ವರದಿ ಮಾಡಲೇಬೇಕಿತ್ತು. ಆದರೆ ಕ್ರಿಕೆಟಿಗ ಲಿಟನ್ ದಾಸ್ ಮನೆಗೆ ಬೆಂಕಿ ಎಂದು ಹರಿದಾಡಿದ ದೃಶ್ಯ ಮತ್ತೊಬ್ಬ ಕ್ರಿಕೆಟಿಗ, ಹಸೀನಾ ಪಕ್ಷದ ಸಂಸದ ಮಶ್ರಫೆ ಮೊರ್ತಜಾ ಅವರ ಮನೆಯದ್ದಾಗಿತ್ತು. ಇಂಥ ಒಂದು ಸುಳ್ಳು, ನಿಜವಾಗಿ ಸುಟ್ಟುಹೋದ ಮನೆಯವರ ಸಾಕ್ಷ್ಯವನ್ನೂ ಅನುಮಾನಕ್ಕೆ ತಳ್ಳುತ್ತದೆ.

ಕಾವೇರಿ ಹರಿದ ಮೇಲೆ

ಮತ್ತೆ ಎಲ್ ಫಾಶರ್‌ನ ಆ ಕೋಣೆಗಳಿಗೆ. ಹಕ್ಕಿಪಿಕ್ಕಿಗಳು ಮೂಲತಃ ಬೇಟೆಯ ಅಲೆಮಾರಿಗಳು, ಮನೆಮಾತು ವಾಗ್ರಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತು, ಮೂಲಿಕೆ ಎಣ್ಣೆಯ ವ್ಯಾಪಾರ ಕೈಹಿಡಿಯಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಊರುಗಳಿಂದ ಪಾಸ್‌ಪೋರ್ಟ್ ಹಿಡಿದು ಆಫ್ರಿಕದ ದೇಶಗಳಿಗೆ ಹೋಗಿಬರುವವರಿದ್ದಾರೆ. ಸಾಲ ಮಾಡಿ ಹೋದವರೇ ಹಲವರೆಂದು ಅಂದಿನ ವರದಿಗಳು ಹೇಳಿದ್ದವು. ಇದೇ ಸಮುದಾಯದ ‘ಆದಿವಾಸಿ ಕೂದಲೆಣ್ಣೆ’ಯ ಜಾಹೀರಾತು ಇಟ್ಟಮಡುವಿನ ಮನೆಮನೆಯ ಮೊಬೈಲಿಗೂ ಬಂದು ಬಿದ್ದಿದೆ. ಎಣ್ಣೆ ಗೊತ್ತು, ಅದನ್ನು ಮಾರಲು ಡಾರ್ಫರ್‌ವರೆಗೆ ಹೋದವರ ದಾರಿ ಗೊತ್ತಿಲ್ಲ.

2021ರ ಅಕ್ಟೋಬರ್‌ನಲ್ಲಿ ಸುಡಾನ್ ಸರ್ಕಾರ ಉರುಳಿದ್ದನ್ನು, ಇಬ್ಬರು ದಳಪತಿಗಳ ನಡುವೆ ಹೊಗೆಯಾಡುತ್ತಿದ್ದುದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಯಾರಾದರೂ ಹೇಳಿದ್ದರೆ ಅವರು ಹೋಗುತ್ತಿರಲಿಲ್ಲವೆಂದು ಖಚಿತವಾಗಿ ಹೇಳಲಾಗದು. ಹೊಟ್ಟೆಪಾಡು ಸುದ್ದಿಪುಟ ನೋಡಿ ಹೊರಡುವುದಿಲ್ಲ. ಆದರೆ ಕನ್ನಡ ಓದುವ ಮಗನೋ ಮಗಳೋ ಮನೆಯಲ್ಲಿದ್ದು, ಈ ವರ್ಷ ಅತ್ತ ಬೇಡ ಎಂದು ತಡೆಯುವ ಒಂದು ಅವಕಾಶವನ್ನು ಯಾವ ಪತ್ರಿಕೆಯೂ ಒದಗಿಸಿಕೊಡಲಿಲ್ಲ. ಹಿಂದಿನ ವರ್ಷವಷ್ಟೇ, ಉಕ್ರೇನ್‌ನಲ್ಲಿ ಯುದ್ಧ ಶುರುವಾದಾಗ ಕನ್ನಡ ವಾಹಿನಿಗಳ ಸ್ಟುಡಿಯೊಗಳಲ್ಲಿ ನಕಾಶೆ, ಟ್ಯಾಂಕು, ಕ್ಷಿಪಣಿಗಳ ಗ್ರಾಫಿಕ್ಸ್ ಅಬ್ಬರಿಸಿತ್ತು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದಾಗ ಇಡೀ ರಾಜ್ಯ ಮಿಡಿಯಿತು. ವೈದ್ಯಕೀಯ ವಿದ್ಯಾರ್ಥಿ ನಗರದ ಓದುಗನ ಮನೆಯ ಹುಡುಗನಂತೆ ಕಾಣುತ್ತಾನೆ. ಎಣ್ಣೆ ಮಾರುವ ಅಲೆಮಾರಿ ಹಾಗೆ ಕಾಣಲು ಇಬ್ಬರು ರಾಜಕಾರಣಿಗಳ ಜಟಾಪಟಿ ಬೇಕಾಯಿತು.

ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಆರಂಭಿಸಿತು. ಉಕ್ರೇನ್‌ಗೆ ಗಂಗೆ, ಸುಡಾನ್‌ಗೆ ಕಾವೇರಿ. ಕರ್ನಾಟಕದ ಮತದಾನಕ್ಕೆ ಎರಡೇ ವಾರ ಇದ್ದುದರಿಂದ ಹೆಸರಿನ ಬಗ್ಗೆಯೂ ಚರ್ಚೆಯಾಯಿತು. ಕೆಲಸ ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಪೋರ್ಟ್ ಸುಡಾನ್‌ನಿಂದ ಐಎನ್‌ಎಸ್ ಸುಮೇಧಾ 278 ಮಂದಿಯ ಮೊದಲ ತಂಡವನ್ನು ಜೆಡ್ಡಾಕ್ಕೆ ಒಯ್ದಿತು. ದೀಪವಿಲ್ಲದ ಕಿರು ಓಡುದಾರಿಯಲ್ಲಿ ರಾತ್ರಿ ಇಳಿದ ವಾಯುಪಡೆಯ ವಿಮಾನ 121 ಮಂದಿಯನ್ನು ಎತ್ತಿಕೊಂಡು ಬಂತು. ಏಪ್ರಿಲ್ 28ರಂದು 362 ಮಂದಿ ಬೆಂಗಳೂರಿಗೆ ಬಂದಿಳಿದರು. ಅವರಲ್ಲಿ ಹಕ್ಕಿಪಿಕ್ಕಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಅಂದರೆ ಸಿಲುಕಿದ್ದವರು ಆ 31 ಮಂದಿ ಮಾತ್ರವೇ ಆಗಿರಲಿಲ್ಲ! ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ಮರಳಿದವರು 3,862. ಮೇ 7ರಂದು ಶಿವಮೊಗ್ಗದಲ್ಲಿ ಪ್ರಧಾನಿ ನರೇಂದ್ರ ಮೋದಿ ಮರಳಿ ಬಂದ ಹಕ್ಕಿಪಿಕ್ಕಿಗಳನ್ನು ಭೇಟಿಯಾದರು. ಮೇ 10ರಂದು ಮತದಾನ ನಡೆಯಿತು. ಸುಡಾನ್ ಪರದೆಯಿಂದ ಮಾಯವಾಯಿತು.

ಯುದ್ಧ ಮಾಯವಾಗಲಿಲ್ಲ. ಒಂದು ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟರು. ಆರ್‌ಎಸ್‌ಎಫ್‌ಗೆ ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಶಸ್ತ್ರ ಹೋಗುತ್ತಿದೆ ಎಂಬ ಆರೋಪ ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ಹೇಳಿತು; ಎಮಿರೇಟ್ಸ್ ಅದನ್ನು ಅಲ್ಲಗಳೆಯುತ್ತ ಬಂದಿದೆ. ಕರಾವಳಿಯ ಪ್ರತಿ ಊರಿನಲ್ಲೂ ದುಬೈಗೆ ಹೋದವರಿರುವ, ದುಬೈ ಕನ್ನಡ ಸಂಘಗಳ ಸಮಾರಂಭಗಳಿಗೆ ಪುಟ ಮೀಸಲಿಡುವ ರಾಜ್ಯದ ಪತ್ರಿಕೆಗಳಲ್ಲಿ ಈ ಆರೋಪ, ಅಲ್ಲಗಳೆತ ಎರಡಕ್ಕೂ ಸಿಕ್ಕ ಜಾಗ ಅತ್ಯಲ್ಪ.

ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ಬಳಿಕ, 2025ರ ಅಕ್ಟೋಬರ್ 26ರಂದು, ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಯಿತು. ಹಕ್ಕಿಪಿಕ್ಕಿಗಳು ಎಣ್ಣೆ ಮಾರಿದ ಅದೇ ಪಟ್ಟಣ. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಈ ನಡುವೆ ಸೆರೆಸಿಕ್ಕ ಒಡಿಶಾದ ಒಬ್ಬ ಕಾರ್ಮಿಕನ ವಿಡಿಯೊ ನವೆಂಬರ್ ಮೊದಲ ವಾರ ಹೊರಬಂತು. ಬಂದೂಕುಧಾರಿಯೊಬ್ಬ ಆತನನ್ನು, ಶಾರುಖ್ ಖಾನ್ ಗೊತ್ತೇ ಎಂದು ಕೇಳುತ್ತಾನೆ. ದೇಶದ ಅನೇಕ ವಾಹಿನಿ, ಜಾಲತಾಣಗಳಲ್ಲಿ ಆ ಪ್ರಶ್ನೆಯೇ ಶೀರ್ಷಿಕೆಯಾಯಿತು.